ಬೆನ್ನ ಹಿಂದೆ ನಿಲ್ಲುವ ಕೆಲಸ

ಡಾಂಬರು ಹಾಕಿದ ಅಂಗಳಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮೇಲೊಂದು ತೆಳುವಾದ ಲೇಪ ಕೊಡಬೇಕು. ಕೊಡದಿದ್ದರೆ ಅದು ಬಿಸಿಲಿಗೆ ಬಿಳಿಚಿ, ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಮಳೆನೀರು ಕುಡಿದು, ಮರುವರ್ಷ ಹಿಡಿ ಹಿಡಿಯಾಗಿ ಎದ್ದು ಬರುತ್ತದೆ. ಈ ಲೇಪಕ್ಕೆ ಸೀಲ್ ಕೋಟ್ ಅನ್ನುತ್ತಾರೆ. ಅಥಣಿಯಿಂದ ಕಾಗವಾಡದವರೆಗೆ ಪೆಟ್ರೋಲ್ ಪಂಪು, ಮಂಗಲ ಕಾರ್ಯಾಲಯ, ಕಬ್ಬು ತೂಗುವ ಅಂಗಳ, ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜು, ಇಂಥ ಕಡೆಯಲ್ಲೆಲ್ಲ ಈ ಕೆಲಸ ಮಾಡುವವರು ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ. ಅವರ ಬೆನ್ನ ಹಿಂದೆ ನಿಲ್ಲುವವನು ನಾನು. ಇದು ಮಾತಿಗೆ ಹೇಳಿದ್ದಲ್ಲ, ನನ್ನ ಕೆಲಸವೇ ಅದು.

ಲೇಪ ಎಳೆಯುವವನು ಉದ್ದ ಹಿಡಿಕೆಯ ರಬ್ಬರ್ ವೈಪರ್ ಹಿಡಿದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗಬೇಕು. ಅವನ ಕಣ್ಣು ಎದುರಿನ ಹಸಿ ಅಂಚನ್ನು ಬಿಟ್ಟು ಕದಲಬಾರದು. ಒಮ್ಮೆ ತಿರುಗಿ ನೋಡಿದರೂ ಕೈ ಸೊಟ್ಟಗಾಗಿ ಅಲ್ಲೊಂದು ಗೆರೆ ಬೀಳುತ್ತದೆ, ಆ ಗೆರೆ ಮುಂದಿನ ಲೇಪದವರೆಗೂ ಎಲ್ಲರಿಗೂ ಕಾಣುತ್ತ ಬಿದ್ದಿರುತ್ತದೆ. ಹಾಗಾಗಿ ಬಕೆಟ್ಟಿನಿಂದ ಸುರಿಯುವವನು ಸುರಿದಾದ ಮೇಲೆ ಹಿಂದೆ ಹೋಗಿ ನಿಂತು, ಎಳೆಯುವವನಿಗೆ ಕಣ್ಣಾಗಬೇಕು. ಮಾವ ತಲೆ ಎತ್ತದೆ "ಹಿಂದ ಏನೈತಿ?" ಅನ್ನುತ್ತಾರೆ. ನಾನು "ಏನಿಲ್ಲ, ಬರ್ರಿ" ಅನ್ನುತ್ತೇನೆ, ಇಲ್ಲವೇ "ಕಲ್ಲೈತ್ರಿ, ಎಡಕ್ಕ ಸರೀರಿ" ಅನ್ನುತ್ತೇನೆ. ದಿನಕ್ಕೆ ಎಷ್ಟು ಸಲವೋ. ಕನಸಿನಲ್ಲಿಯೂ ಹೀಗೆ ಅನ್ನುತ್ತೇನಂತೆ, ಹೆಂಡತಿ ಹೇಳುತ್ತಾಳೆ.

ನಾನು ಮನೆ ಅಳಿಯನಾಗಲು ಬಂದವನಲ್ಲ. ನನ್ನದು ರಾಯಬಾಗದ ಕಡೆಯ ಹಳ್ಳಿ. ಮದುವೆಯಾದ ವರ್ಷವೇ ಮಾವ ಒಂದು ಪೆಟ್ರೋಲ್ ಪಂಪಿನಲ್ಲಿ ಒಬ್ಬರೇ ಲೇಪ ಎಳೆಯುತ್ತ ಹಿಂದೆ ಸರಿದು ಬಾಯಿ ತೆರೆದಿದ್ದ ಗಟಾರದಲ್ಲಿ ಬಿದ್ದರು. ಬಲಗಾಲಿನ ಮಂಡಿ ಒಡೆಯಿತು. ಕೈಯಲ್ಲಿದ್ದ ಕೆಲಸ ಮುಗಿಸಿಕೊಡಲು ಒಂದು ತಿಂಗಳು ಬಾ ಅಂದರು. ಬಂದೆ. ಮಂಡಿ ಒಂದು ಮಟ್ಟಕ್ಕೆ ಕೂಡಿಕೊಂಡಿತು, ಪೂರ್ತಿ ಮಡಚುವುದಿಲ್ಲ. ನಾನು ಹೊರಡುತ್ತೇನೆ ಅಂದಾಗಲೆಲ್ಲ ಇನ್ನೊಂದು ಅಂಗಳ ಬಂತು. ಹೊರಡು ಅಂತ ಯಾರೂ ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಹೀಗೆ ಹತ್ತು ವರ್ಷದ ಮೇಲಾಯಿತು. ಊರಿಗೆ ಹೋದರೆ ಅಣ್ಣಂದಿರು "ಅಥಣಿ ಪಾವಣ್ಯಾರು ಬಂದ್ರು" ಅಂತ, ನೆಂಟನನ್ನು ಕರೆದ ಹಾಗೆ ಕರೆದು ನಗುತ್ತಾರೆ. ಅಥಣಿಯಲ್ಲಿ ಚಹಾದ ಅಂಗಡಿಯವನು ನನ್ನನ್ನು ಕರೆಯುವುದೇ 'ಅಳಿಯಾರ' ಅಂತ. ನನಗೊಂದು ಹೆಸರಿರುವುದು ಮತದಾರರ ಪಟ್ಟಿಗೆ ಮಾತ್ರ ಗೊತ್ತು.

ಮಾವ ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಜಗಳಾಡಿ ಹೊರಬೀಳಬಹುದಿತ್ತು. ಅವರು ಊಟಕ್ಕೆ ನನಗಿಂತ ಮೊದಲು ಕೂಡುವವರಲ್ಲ. ಮನೆಯಲ್ಲಿ "ಅಳಿಯಾರ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ರಿ" ಅನ್ನುತ್ತಾರೆ. ಕೆಲಸದ ಮೇಲೆ ಮಾತ್ರ "ಏ, ಎಲ್ಲಿ ನೋಡಾಕತ್ತೀ, ಸುರಿ" ಅನ್ನುತ್ತಾರೆ, ಸಂಜೆ ಕೈ ತೊಳೆದರೆ ಮತ್ತೆ ಅಳಿಯಾರ. ಇಂಥವರ ಮನೆಯಲ್ಲಿ ಸಿಟ್ಟು ಮಾಡಲು ಕಾರಣ ಹುಡುಕಿ ಹುಡುಕಿ ನಾನು ಸೋತಿದ್ದೆ. ಸಿಟ್ಟು ಮಾತ್ರ ಹಾಗೇ ಇತ್ತು.

ಮೊನ್ನೆ ಮೊನ್ನೆ, ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಇನ್ನೂ ಸುರುವಾಗದ ದಿನಗಳಲ್ಲಿ, ಮಿರಜದ ಒಂದು ಡಾಂಬರು ಡಿಪೋದವರು ನನ್ನನ್ನು ಕೇಳಿದರು. ಬರುವ ಹೋಗುವ ಬ್ಯಾರಲ್ಲು ನೋಡಿಕೊಳ್ಳಲು ಒಬ್ಬ ನಂಬಿಗಸ್ತ ಬೇಕಿತ್ತು. ಡಿಪೋದ ಹಿಂದೆಯೇ ಇರಲು ಎರಡು ಕೋಣೆ. ಶುಕ್ರವಾರ ಸಂಜೆ ಐದರೊಳಗೆ ಖುದ್ದು ಬಂದು ಹೂಂ ಅನ್ನಬೇಕು, ಇಲ್ಲದಿದ್ದರೆ ಶನಿವಾರ ಇನ್ನೊಬ್ಬನನ್ನು ಕೂಡಿಸುತ್ತೇವೆ ಅಂದರು.

ಹೆಂಡತಿಗೆ ಹೇಳಿದಾಗ ಅವಳು ಬಹಳ ಹೊತ್ತು ಹಿಟ್ಟು ನಾದುತ್ತಲೇ ಇದ್ದಳು. ಆಮೇಲೆ "ಹುಟ್ಟಿದ ಮನ್ಯಾಗ ಸಂಸಾರ ಮಾಡಿ ಮಾಡಿ ನಾ ಇನ್ನೂ ಮಗಳಾಗೇ ಉಳದೇನಿ. ಒಮ್ಮೆರೆ ನನ್ನ ಒಲಿ ನಾ ಹಚ್ಚಬೇಕ್ರಿ" ಅಂದಳು. ಅವಳ ಬಾಯಿಂದ ಹಾಗೆ ಕೇಳಿದ್ದು ಅದೇ ಮೊದಲು. "ಅಪ್ಪಗ ಮಾತ್ರ ನೀವ ಹೇಳಬೇಕು, ನನ್ನ ಕೈಲೆ ಆಗೂದುಲ್ಲ" ಅಂತಲೂ ಅಂದಳು. ಶುಕ್ರವಾರ ಬೆಳಿಗ್ಗೆ ನೋಡಿದರೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿದಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯೊಂದನ್ನು ಅವಳು ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ನಾನು ಮಾವನಿಗೆ ಇನ್ನೂ ಹೇಳಿರಲಿಲ್ಲ. ಕೆಲಸದ ಮೇಲೆ ಹೇಳೋಣ ಅಂದುಕೊಂಡೆ, ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭ.

ಅಂದಿನ ಕೆಲಸ ಕಾಗವಾಡ ದಾಟಿ ಮಿರಜದ ರಸ್ತೆಗೆ ಹತ್ತಿದ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಇದೂ ನನಗೆ ಅನುಕೂಲ. ಅಂಗಳ ಉದ್ದ, ಅಗಲ ಕಡಿಮೆ. ಮುಂದೆ ರಸ್ತೆಗೆ ಒಂದೇ ಗೇಟು, ಹಿಂದೆ ಊಟದ ಮನೆಯ ಪಡಸಾಲೆ, ಎರಡೂ ಬದಿಗೆ ಎತ್ತರದ ಗೋಡೆ, ಗೋಡೆಯ ನೆತ್ತಿಗೆ ಗಾಜಿನ ಚೂರು. ಆಳುಗಳಿಬ್ಬರನ್ನು ಮಾವ ಉಗಾರದ ಕಡೆ ಬಿರುಕು ತುಂಬಲು ಕಳಿಸಿದ್ದರು. ಇಲ್ಲಿ ನಾವಿಬ್ಬರೇ. ಅಂಗಳ ಗುಡಿಸಿದೆವು, ಬಿರುಕು ತುಂಬಿದೆವು. ಲೇಪ ಅಂಟದಿರಲಿ ಅಂತ ಗೇಟಿನ ಹೊಸ್ತಿಲಿನ ಗಟಾರದ ಮೇಲಿನ ಕಬ್ಬಿಣದ ಜಾಳಿಗೆಯನ್ನು ಎತ್ತಿ ಬದಿಗಿಟ್ಟು, ಒಳಗಿನ ಕಿಂಡಿಗೆ ಕಾಗದ ತುರುಕಿದೆವು. ನಾನು ನನ್ನ ಅಂಗಿಯ ಚೀಲವನ್ನು ಗೇಟಿನ ಹೊರಗಿನ ಬೇವಿನ ಗಿಡಕ್ಕೆ ತೂಗುಹಾಕಿದೆ.

ಇಂಥ ಅಂಗಳದಲ್ಲಿ ಕೆಲಸವನ್ನು ಹಿಂದಿನ ಮೂಲೆಯಿಂದ ಸುರುಮಾಡಿ ಗೇಟಿಗೆ ಬಂದು ಮುಗಿಸಬೇಕು. ಇದನ್ನು ಹೇಳಿಕೊಡಬೇಕಾಗಿಲ್ಲ, ನೆಲ ಸಾರಿಸುವ ಎಲ್ಲರಿಗೂ ಗೊತ್ತು. ಗೇಟಿನಲ್ಲಿ ಕಾಯಿ ಒಡೆದು ನಾವು ಹಿಂದಕ್ಕೆ ಹೊರಟಾಗ ಕಾರ್ಯಾಲಯದ ಮಾಲೀಕನ ತಾಯಿ ತಡೆದಳು. ರಸ್ತೆಯ ಆಚೆಯ ಮನೆಯಿಂದ ಪೂಜೆ ನೋಡಲು ಬಂದಿದ್ದ ಮುದುಕಿ.

"ಶುಕ್ರಾರ ದಿನ ಒಳಗಿಂದ ಹೊರಗ ಬಳಕೊಂಡ ಬರ್ತೀರೇನ? ಲಕ್ಷ್ಮೀನ ಕಸಾ ಹೊಡದಂಗ ಹೊಡದ ಹಾಕತೀರಿ?"

"ಆಯಿ, ಇದು ಕಸಬರಗಿ ಅಲ್ರಿ, ವೈಪರ್" ಅಂದೆ.

"ಎರಡೂ ಬಳಿಯೂದ. ಲಗ್ನ ಆಗೂ ಜಾಗಾ ಇದು. ಬಾಗಲದಾಗ ಸುರು ಮಾಡ್ರಿ, ಒಳಗ ತುಂಬಕೋತ ಹೋಗ್ರಿ."

ಮಾವ ಯಾವ ಗಿರಾಕಿಗೂ ಇಲ್ಲ ಅಂದವರಲ್ಲ. ಅದರಲ್ಲೂ ವಯಸ್ಸಾದವರು ಶಾಸ್ತ್ರ ಹೇಳಿದರೆ ಅವರಿಗೂ ಒಳಗೊಳಗೆ ಹೌದೆನಿಸುತ್ತದೆ. "ಆಗಲೆವ್ವಾ" ಅಂದರು. ಸಾಮಾನನ್ನೆಲ್ಲ ಮೊದಲೇ ಹಿಂದಿನ ಪಡಸಾಲೆಗೆ ಸಾಗಿಸಿದೆವು. ನಾವು ಹೊರಗೆ ಹೋಗುವುದು ಹೇಗೆ ಅಂತ ಕೇಳಿದ್ದಕ್ಕೆ ಮಾವ "ಊಟದ ಮನಿ ಹಿಂದ ಸಣ್ಣ ಬಾಗಲಾ ಐತಲ್ಲ, ಕಾಲಿವಿ ದಂಡಿಗೆ ಹಾದು ಬಂದ್ರಾತು" ಅಂದರು. ಆ ಬಾಗಿಲು ನನಗೂ ನೆನಪಿತ್ತು. ಹಿಂದಿನ ಸಲದ ಲೇಪಕ್ಕೆ ಬಂದಾಗ ಅಲ್ಲಿಂದಲೇ ಹೋಗಿ ಕಾಲುವೆಯಲ್ಲಿ ಕೈಕಾಲು ತೊಳೆದಿದ್ದೆವು.

ಗೇಟಿನಿಂದ ಸುರುವಾಯಿತು. ಈ ಲೇಪ ಸುರಿಯುವಾಗ ಕಪ್ಪಲ್ಲ, ಚಹಾದ ಬಣ್ಣ. ನೀರು ಆರಿದ ಹಾಗೆಲ್ಲ ಕಪ್ಪಾಗುತ್ತ ಬರುತ್ತದೆ. ಕಪ್ಪಾದರೂ ಸಂಜೆಯವರೆಗೆ ಯಾರೂ ತುಳಿಯಬಾರದು, ಗಾಡಿಗಳಂತೂ ಮರುದಿನವೇ. ಈ ವಿಷಯದಲ್ಲಿ ಮಾವ ಯಾರ ಮುಲಾಜೂ ನೋಡುವುದಿಲ್ಲ. ಒಮ್ಮೆ ಒಬ್ಬ ಪುಢಾರಿಯ ಕಾರಿಗೆ ವೈಪರ್ ಅಡ್ಡ ಹಿಡಿದು ನಿಂತು ಹಿಂದಕ್ಕೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ನಾಯಿ ಬಂದರೆ ಕಲ್ಲು ಬೀಸುತ್ತಾರೆ, ಗುಬ್ಬಿ ಕೂತರೂ ಹುಶ್ ಅನ್ನುತ್ತಾರೆ.

ಅರ್ಧ ಅಂಗಳ ಮುಗಿಯುವವರೆಗೆ ಹತ್ತು ಸಲವಾದರೂ ಬಾಯಿ ತೆರೆದೆ. ಪ್ರತಿ ಸಲ ಅದೇ ಹೊತ್ತಿಗೆ "ಹಿಂದ ಏನೈತಿ?" ಅಂದರು. "ಏನಿಲ್ಲ, ಬರ್ರಿ" ಅಂದೆ. ಬೆನ್ನಿಗೆ ಹೇಳುವುದೂ ಸುಲಭವಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ಮೆಟ್ಟಿಲಿಗೆ ಬಂದು ಮುಟ್ಟಿದೆವು. ಮುದುಕಿ ಊಟಕ್ಕೆ ಮನೆಗೆ ಹೋಗಿದ್ದಳು. ಗೇಟಿಗೆ ಹಗ್ಗ ಕಟ್ಟಿತ್ತು. ನಾನು ಕೈ ಒರೆಸಿಕೊಂಡು ಸಣ್ಣ ಬಾಗಿಲಿಗೆ ಹೋದೆ. ಅದರ ಮುಂದೆ ಶಾಮಿಯಾನದ ಬಟ್ಟೆಯ ಗಂಟುಗಳನ್ನು ಒಟ್ಟಿದ್ದರು. ಒಂದೊಂದಾಗಿ ಎಳೆದು ಹಾಕಿದೆ. ಹಿಂದೆ ಬಾಗಿಲಿರಲಿಲ್ಲ. ಹೊಸ ಇಟ್ಟಿಗೆಯ ಗೋಡೆ ಇತ್ತು, ಮೇಲೆ ಸಿಮೆಂಟಿನ ಗಿಲಾಯಿ ಕೂಡ ಮಾಡಿರಲಿಲ್ಲ.

ಮಾಲೀಕನಿಗೆ ಫೋನು ಹಚ್ಚಿದೆ. ಸಾಂಗ್ಲಿಯಲ್ಲಿದ್ದ. "ಹೌದ್ರಿ, ಆ ಬಾಗಲದಾಗ ಹಾದು ಅಡಗಿ ಭಾಂಡೆ ಎಲ್ಲಾ ಕಳುವಾಗಿ ಹೊಂಟಿದ್ದುವ್ರಿ. ಹ್ವಾದ ಸೀಜನ್ದಾಗ ಮುಚ್ಚಿಸಿದೆ. ನಿಮಗ ಹೇಳೂದು ಬಿಟ್ಟೇ ಹೋತು ನೋಡ್ರಿ. ಸಂಜಿಕ ಬರ್ತೀನಿ, ನಿಚ್ಚಣಿಕಿ ತರ್ತೀನಿ" ಅಂದ.

ಸಂಜೆ. ಮುರಿದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ನೋಡಿದೆ, ಗೋಡೆಯ ತುದಿಗೆ ಕೈ ಎಟಕಲಿಲ್ಲ. ಕುರ್ಚಿಯ ಇನ್ನೊಂದು ಕಾಲೂ ಮುರಿಯಿತು. ಇತ್ತ ಇಟ್ಟಿಗೆ, ಅತ್ತ ಹಸಿ ಲೇಪ, ನಡುವೆ ನಾನು ಮತ್ತು ನನ್ನ ಮಾವ. ಇಷ್ಟು ವರ್ಷ ನಾನು ಒಳಗೊಳಗೆ ಅನುಭವಿಸಿದ್ದನ್ನು ಯಾರೋ ಸಿಮೆಂಟು ಹಚ್ಚಿ ಕಟ್ಟಿ ತೋರಿಸಿದಂತಿತ್ತು. ಆ ಮುದುಕಿಯ ಮೇಲೆ, ಲಕ್ಷ್ಮಿಯ ಮೇಲೆ, ಭಾಂಡೆ ಕದ್ದವರ ಮೇಲೆ ಕೆಟ್ಟ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚು, ಕಾಲು ಚಾಚಿ ಕೂತು ಬುತ್ತಿ ಬಿಚ್ಚುತ್ತಿದ್ದ ಮಾವನ ಮೇಲೆ ಬಂತು.

"ಬಾ, ಉಣ್ಣು. ಹ್ಯಾಂಗೂ ಎಲ್ಲಿ ಹೋಗೂದೈತಿ" ಅಂದರು.

ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ. ಉಣ್ಣುತ್ತ ಅವರು ಮುಂದಿನ ಕೆಲಸಗಳನ್ನು ಹೇಳತೊಡಗಿದರು. ಇದಾದ ಮೇಲೆ ಚಿಕ್ಕೋಡಿಯಲ್ಲೊಂದು ದವಾಖಾನೆಯ ಅಂಗಳ, ಆಮೇಲೆ ನಿಪ್ಪಾಣಿ, ಬೇಸಿಗೆಗೆ ಎರಡು ಪೆಟ್ರೋಲ್ ಪಂಪು. "ನಾವು ಅಲ್ಲೆ ವಸ್ತಿ ಇರಬೇಕಾಕ್ಕೈತಿ" ಅಂದರು. ಅವರ ಮಾತಿನಲ್ಲಿ ನಾನು ಅನ್ನುವುದು ಎಲ್ಲೂ ಬರಲಿಲ್ಲ. ಎಲ್ಲಾ ನಾವು. ನೆರಳು ಅಂಗಳದ ಮೇಲೆ ಬರುತ್ತಿತ್ತು. ನಮ್ಮ ಹತ್ತಿರದ ಲೇಪ ಇನ್ನೂ ಚಹಾದ ಬಣ್ಣದಲ್ಲೇ ಇತ್ತು.

"ಮಾವಾರ, ನಾ ಐದರೊಳಗ ಮಿರಜ ಮುಟ್ಟಬೇಕ್ರಿ" ಅಂದೆ.

"ಯಾಕ? ಮಾಲ ತರೂದೈತೇನ?"

"ನನ್ನ ಕೆಲಸ್ರಿ. ಡಿಪೋದಾಗ ನೌಕರಿ. ಇವತ್ತ ಹೋಗಿ ಹೂಂ ಅನಬೇಕು, ಇಲ್ಲಂದ್ರ ಬ್ಯಾರೇದಾವ್ನ ಹಚಗೋತಾರು."

ಅವರು ಬಾಯಲ್ಲಿದ್ದ ತುತ್ತು ಅಗಿದು ಮುಗಿಸಿದರು. ನೀರು ಕುಡಿದರು. ಬೈಯಲಿ ಅಂತ ನಾನು ಕಾಯುತ್ತಿದ್ದೆ. ಬೈದರೆ ಉತ್ತರ ನನ್ನಲ್ಲಿ ಸಿದ್ಧವಿತ್ತು, ವರ್ಷಗಟ್ಟಲೆ ಮಸೆದಿಟ್ಟಿದ್ದೆ.

"ಆಕಿಗೆ ಗೊತ್ತೈತಿ?"

"ಐತ್ರಿ."

"ಮನಿ ಕೊಡ್ತಾರೇನ?"

"ಎರಡ ಖೋಲಿ."

"ನೀರ?"

"ನಳಾ ಐತಂತ್ರಿ."

"ನಳಾ ಇದ್ರ ಛಲೋ" ಅಂದು ಬುತ್ತಿಯ ಬಟ್ಟೆ ಗಂಟು ಕಟ್ಟಿದರು. ಕಂಬ ಹಿಡಿದು ಎದ್ದರು. ಉಳಿದಿದ್ದ ಅರ್ಧ ಬಕೆಟ್ಟು ಲೇಪವನ್ನು ಕೋಲಿನಿಂದ ಕಲಸಿದರು, ಮೂಲೆಗೆ ಹಚ್ಚುವ ಕೈ ಬ್ರಶ್ಶು ತೆಗೆದುಕೊಂಡರು. ಆಮೇಲೆ, ಕೆಲಸದ ಜಾಗದಲ್ಲಿ ಎಂದೂ ಅನ್ನದವರು, "ಹೊಂಡ್ರಿ ಅಳಿಯಾರ" ಅಂದರು.

"ಹ್ಯಾಂಗ ಹೊಂಡ್ಲಿ? ಹಸಿ ಐತಲ್ರಿ."

"ನಡದ ಹೋಗ್ರಿ. ಗ್ವಾಡಿ ಹಿಡದ ಹೋಗ್ರಿ. ನಾ ಹಿಂದಿಂದ ಮುಚಗೋತ ಬರ್ತೀನಿ."

ಕೊಂಕು ಮಾತೇನೋ ಅಂತ ಮುಖ ನೋಡಿದೆ. ಕೊಂಕಿರಲಿಲ್ಲ. ಪುಢಾರಿಯ ಕಾರನ್ನು ತಡೆದ ಮನುಷ್ಯ ತನ್ನ ಕೈಯಾರೆ ಎಳೆದ ಲೇಪವನ್ನು ತುಳಿದು ಹೋಗು ಅನ್ನುತ್ತಿದ್ದರು. "ಮುದುಕಿ ಬೈತಾಳ್ರಿ, ಒಳಗಿಂದ ಹೊರಗ ಬಳದ್ರ" ಅಂದೆ.

"ಬೈಲಿ. ಹೊತ್ತಾಕ್ಕೈತಿ, ಹೋಗ್ರಿ."

ಕಾಲಿಟ್ಟೆ. ಚಪ್ಪಲಿಯ ತಳಕ್ಕೆ ಲೇಪ ಅಂಟಿ ಪ್ರತಿ ಹೆಜ್ಜೆಗೂ ಪಟ್ ಪಟ್ ಅಂತ ಕಿತ್ತು ಬರುತ್ತಿತ್ತು. ಹಿಂದೆ ಬೂದು ಬಣ್ಣದ ಹೆಜ್ಜೆಗಳು ಬೀಳುತ್ತಿದ್ದವು. ಎಷ್ಟೆಂದರೂ ಅದು ನಾನೂ ಮಾಡಿದ ಕೆಲಸ. ತಿರುಗಿ ನೋಡಲಿಲ್ಲ. ಗಟಾರ ದಾಟಿ, ಹಗ್ಗ ನುಸುಳಿ ಹೊರಗೆ ಬಂದು, ಅಂಟಿದ ಚಪ್ಪಲಿ ಕಿತ್ತೆಸೆದು, ಬೇವಿನ ಗಿಡದ ಕೆಳಗೆ ಬಿಳಿ ಅಂಗಿ ಹಾಕಿಕೊಂಡೆ. ಗುಂಡಿ ಹಾಕುತ್ತಿರುವಾಗಲೇ ಕಾಗವಾಡದ ಕಡೆಯಿಂದ ಬಾಡಿಗೆಯ ಟಂಟಂ ರಿಕ್ಷಾ ಬಂತು. ಕೈ ಮಾಡಿದೆ. ನಿಂತಿತು. ಹಿಂದಿನ ಸೀಟು ಖಾಲಿ ಇತ್ತು.

ಆಗ ತಿರುಗಿ ನೋಡಿದೆ.

ಮಾವ ಗೋಡೆಯ ಬದಿಗೆ ಅರ್ಧ ಅಂಗಳ ದಾಟಿದ್ದರು. ಬೆನ್ನು ನನ್ನ ಕಡೆ, ಮುಖ ಇಟ್ಟಿಗೆಯ ಗೋಡೆಯ ಕಡೆ. ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ ಬಗ್ಗಿ, ನನ್ನ ಹೆಜ್ಜೆಯೊಂದನ್ನು, ಪಕ್ಕದ ತಮ್ಮ ಹೆಜ್ಜೆಯೊಂದನ್ನು ಬ್ರಶ್ಶಿನಿಂದ ಮುಚ್ಚಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮತ್ತೆ ಬಗ್ಗುತ್ತಿದ್ದರು. ನನ್ನ ಜಾಡನ್ನೇ ಹಿಡಿದು ಗೇಟಿಗೆ, ಅಂದರೆ ಜಾಳಿಗೆ ಎತ್ತಿಟ್ಟ ಗಟಾರಕ್ಕೆ ನೆಟ್ಟಗೆ ಬರುತ್ತಿದ್ದರು. ಜಾಳಿಗೆ ಎತ್ತಿದ್ದು ಅವರಿಗೆ ನೆನಪಿದ್ದೀತು. ಪೆಟ್ರೋಲ್ ಪಂಪಿನಲ್ಲಿಯೂ ನೆನಪಿದ್ದೀತು.

ಟಂಟಂನವನು "ಬರ್ತೀರೋ ಹೆಂಗ್ರಿ?" ಅಂದ.

"ಹಿಂದ ಏನೈತಿ?" ಅಂದರು ಮಾವ. ನನಗಲ್ಲ. ನಾನು ಹೋಗಿದ್ದೇನೆ ಅಂತಲೇ ಅವರು ತಿಳಿದಿದ್ದರು. ಬಾಯಿಗೆ ರೂಢಿಯಾಗಿತ್ತು, ಬಂತು. ಯಾರೂ ಉತ್ತರ ಕೊಡಲಿಲ್ಲ. ಅವರು ಒಂದು ಗಳಿಗೆ ನಿಂತರು. ಆಮೇಲೆ ಕಾಲನ್ನು ಹಿಂದಕ್ಕೆ ಚಾಚಿ, ಬೆರಳಿನಿಂದ ನೆಲ ಮುಟ್ಟಿ ಮುಟ್ಟಿ ನೋಡಿ, ಇನ್ನೊಂದು ಹೆಜ್ಜೆ ಬಂದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತಡೆದಿದ್ದರೆ ನಾನು ಆ ಟಂಟಂ ಹತ್ತಿರುತ್ತಿದ್ದೆ. ಬೈದಿದ್ದರಂತೂ ಖಂಡಿತ ಹತ್ತಿರುತ್ತಿದ್ದೆ.

"ಹೋಗಪಾ ನೀ" ಅಂತ ಟಂಟಂನವನಿಗೆ ಹೇಳಿ ಗಟಾರದ ಅಂಚಿಗೆ ಬಂದು ನಿಂತೆ.

"ಏನಿಲ್ಲ, ಬರ್ರಿ" ಅಂದೆ.

ಅವರ ಬ್ರಶ್ಶು ನಿಂತಿತು. ತಿರುಗಲಿಲ್ಲ. ಮತ್ತೆ ಮುಂದಿನ ಹೆಜ್ಜೆ ಮುಚ್ಚಿದರು. ನಾನು ಬರ್ರಿ ಬರ್ರಿ ಅನ್ನುತ್ತ, ಎಡಕ್ಕೆ ಅನ್ನುತ್ತ, ಕೊನೆಗೆ "ನಿಂದರ್ರಿ, ಗಟಾರ ಐತಿ" ಅಂದೆ. ಅವರು ನೋಡದೆಯೇ ಕೈಯನ್ನು ಹಿಂದಕ್ಕೆ ಚಾಚಿದರು. ನಾನು ಮುಂದೆ ಮಾಡಿದ ತೋಳನ್ನು ಗಟ್ಟಿಯಾಗಿ ಹಿಡಿದು ಗಟಾರ ದಾಟಿದರು.

"ಹೋಗಲಿಲ್ಲೇನು?"

"ಗಾಡಿ ತುಂಬಿತ್ರಿ."

ಮಿರಜದ ರಸ್ತೆ ಅಲ್ಲಿ ನೆಟ್ಟಗಿದೆ, ಬಹಳ ದೂರ ಕಾಣುತ್ತದೆ. ಖಾಲಿ ಸೀಟಿನ ಟಂಟಂ ಹೋಗುತ್ತಿರುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಮಾವ ಅದನ್ನೇ ನೋಡುತ್ತ "ಈಗೀಗ ಗಾಡಿ ಭಾಳ ತುಂಬತಾವು" ಅಂದರು. ಆಮೇಲೆ ಬ್ರಶ್ಶನ್ನು ನನ್ನ ಕೈಗೆ ಕೊಟ್ಟು "ತೊಳಿ ಇದನ್ನ, ಒಣಗಿದ್ರ ಕೆಡತೈತಿ" ಅಂದರು.

ಕತ್ತಲಾಗುವ ಮೊದಲೇ ಅಥಣಿಗೆ ಬಂದೆವು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಮುಖಕ್ಕೆ ಬರಲಿಲ್ಲ, ಅಂಗಿಯ ತೋಳಿಗೆ ಹೋಯಿತು. ಬಿಳಿ ಬಟ್ಟೆಯ ಮೇಲೆ ಐದು ಬೆರಳು ಕರಿಯಾಗಿ ಎದ್ದಿದ್ದವು.

"ಇದು ಅಪ್ಪನ ಕೈ" ಅಂದಳು.

"ಹೂಂ" ಅಂದೆ.

ಅವಳು ಒಳಗೆ ಹೋಗಿ ಟ್ರಂಕಿನ ಒಂದು ಬದಿಯ ಹಿಡಿಕೆ ಹಿಡಿದು ನಿಂತಳು. ನಾನು ಇನ್ನೊಂದು ಬದಿಯದನ್ನು ಹಿಡಿದೆ. ಇಬ್ಬರೂ ಸೇರಿ ಅದನ್ನು ಎತ್ತಿ ಮತ್ತೆ ಅಟ್ಟದ ಮೇಲಿಟ್ಟೆವು. ಒಳಗೆ ಆಗಲೇ ಅವಳು ಎಲ್ಲವನ್ನೂ ತುಂಬಿದ್ದಳು, ಭಾರವಾಗಿತ್ತು.